ಉಂಗುರ ಗಂಡಿಗೆ, ಪಂಜರ ಇಬ್ಬರಿಗೂ

ಪಕ್ಕದ ಮನೆಯವರು ಮೊನ್ನೆ ಒಂದು ಪಂಜರ ತಂದರು. ಒಳಗೆ ನಾಲ್ಕು ಪುಟ್ಟ ಹಕ್ಕಿ, ಎರಡು ಹಳದಿ, ಎರಡು ನೀಲಿ. "ಲವ್ ಬರ್ಡ್ಸ್ ಸಾರ್" ಅಂದರು. ನನಗೆ ಸುಮ್ನೆ ಇರಲಾಗಲಿಲ್ಲ. ಇವು ಬಜರಿಗರ್, ಆಸ್ಟ್ರೇಲಿಯಾದವು, ಲವ್ ಬರ್ಡ್ ಅಂದ್ರೆ ಆಫ್ರಿಕಾದ ಬೇರೆ ಗಿಳಿ ಅಂದೆ. "ಅಂಗಡಿಯವನೇ ಹೇಳಿದ್ದು ಸಾರ್." ಮುಗೀತು. ಅಂಗಡಿಯವನ ಮುಂದೆ, ಜೀವಿಗಳಿಗೆ ಹೆಸರಿಡುವ ಪದ್ಧತಿ ತಂದ ಲಿನ್ನಿಯಸ್ ಯಾವ ಲೆಕ್ಕ?

ಪಂಡಿತರೇನು ಕಡಿಮೆಯಲ್ಲ. ನಮಗೆ ಗಿಳಿ ಅಂದ್ರೆ ಗಿಳಿ, ಜಾಸ್ತಿ ಅಂದ್ರೆ ಗಿಣಿ. ಇಂಗ್ಲಿಷಿನವರು ಅದನ್ನು ಒಡೆದು ಎರಡು ಮನೆ ಮಾಡಿದರು. ದೊಡ್ಡದು ಪ್ಯಾರಟ್, ಉದ್ದ ಬಾಲದ ಚಿಕ್ಕದು ಪ್ಯಾರಾಕೀಟ್. ಸರಿ, ಅಳತೆ ಟೇಪು ತನ್ನಿ. ಹೆಗಲ ಮೇಲೆ ಕೆಂಪು ಮಚ್ಚೆ ಇರುವ ಅಲೆಕ್ಸಾಂಡ್ರಿನ್ ಗಿಳಿ ಬಾಲ ಸೇರಿ ಸುಮಾರು 58 ಸೆಂ.ಮೀ. ಅದು 'ಚಿಕ್ಕ' ಪ್ಯಾರಾಕೀಟ್. ನಮ್ಮ ಪಶ್ಚಿಮ ಘಟ್ಟದಲ್ಲಿ ಬಾವಲಿಯ ಹಾಗೆ ತಲೆಕೆಳಗಾಗಿ ಮಲಗುವ ಗುಬ್ಬಿ ಗಾತ್ರದ ಗಿಳಿ 14 ಸೆಂ.ಮೀ. ಅದಕ್ಕೆ ಮಾತ್ರ ಪೂರ್ತಿ ಪ್ಯಾರಟ್ ಪಟ್ಟ!

ಊರಲ್ಲಿ ಕಿರುಚಿಕೊಂಡು ಹಾರುವ ಮಾಮೂಲಿ ಗಿಳಿಯ ಹೆಸರು ರೋಸ್ ರಿಂಗ್ಡ್. ಕೊರಳಲ್ಲಿ ಗುಲಾಬಿ ಉಂಗುರ ಇರೋದು ಬಲಿತ ಗಂಡಿಗೆ ಮಾತ್ರ. ಹೆಣ್ಣಿಗೆ ಉಂಗುರವೂ ಇಲ್ಲ, ಹೆಸರಲ್ಲಿ ಪಾಲೂ ಇಲ್ಲ. ಇದು ಯಾವ ಮದುವೆ ಕಾರ್ಡು ನೋಡಿ ಇಟ್ಟ ಹೆಸರೋ.

ಮೊದಲು ನಮ್ಮ ಉದ್ದ ಬಾಲದ ಗಿಳಿಗಳೆಲ್ಲ ಸಿಟ್ಟಾಕುಲಾ ಅನ್ನುವ ಒಂದೇ ಕುಲದಲ್ಲಿ ಹಾಯಾಗಿದ್ದವು. ಡಿಎನ್ಎ ಬಂತು, ಆಸ್ತಿ ಪಾಲಾಯಿತು. ಕೆಲವು ಪಟ್ಟಿಗಳಲ್ಲಿ ಈಗ ಅಲೆಕ್ಸಾಂಡ್ರಿನಸ್ ಅನ್ನುವ ಕುಲನಾಮ ಸಿಕ್ಕಿರುವುದು ಉಂಗುರದ ಗಿಳಿಗೆ. ಅಲೆಕ್ಸಾಂಡ್ರಿನ್ ಗಿಳಿ ಆ ಮನೆಯಿಂದ ಹೊರಗೆ, ಅದು ಪೇಲಿಯಾರ್ನಿಸ್. ನಾಗರಹೊಳೆಯಲ್ಲಿ ಆರಾಮಾಗಿರುವ ಪ್ಲಮ್ ಬಣ್ಣದ ತಲೆಯ ಗಿಳಿ ಹಿಮಾಲಯಸಿಟ್ಟಾ. ಅಲ್ಲೂ ಹೆಣ್ಣಿನ ತಲೆ ಬೂದು ಬಣ್ಣ, ಪ್ಲಮ್ ಹೆಸರು ಮಾತ್ರ ತಪ್ಪಲಿಲ್ಲ. ನಮ್ಮ ಗಿಣಿಮೂತಿ ಮಾವೇ ವಾಸಿ ಅಲ್ವಾ? ಮೂತಿ ನೋಡಿದರು, ಹೆಸರಿಟ್ಟರು, ಉಪ್ಪು ಖಾರ ಹಚ್ಚಿ ತಿಂದರು.

ಕಾನೂನಿನ ಪಟ್ಟಿ ಇನ್ನೊಂದು ಥರ. ವಿದೇಶಿ ವ್ಯಾಪಾರಕ್ಕೆ ಲಗಾಮು ಹಾಕುವ ಸೈಟಿಸ್ ಪಟ್ಟಿಯಲ್ಲಿ ಇಡೀ ಗಿಳಿ ಬಳಗವಿದೆ, ನಾಲ್ಕನ್ನು ಬಿಟ್ಟು. ಬಿಟ್ಟುಹೋದವರಲ್ಲಿ ಪಕ್ಕದ ಮನೆಯ ಬಜರಿಗರ್ ಒಂದು, ನಮ್ಮ ಉಂಗುರದ ಗಿಳಿ ಇನ್ನೊಂದು. ಆದರೆ ಇಲ್ಲಿ, 1972ರ ವನ್ಯಜೀವಿ ಕಾಯ್ದೆಯಡಿ, ಆ ಗಿಳಿಯನ್ನು ಪಂಜರದಲ್ಲಿಟ್ಟರೆ ಅಪರಾಧ. ಮಧ್ಯ, ದಕ್ಷಿಣ ಅಮೆರಿಕದ ಮಕಾವ್ ಅನ್ನುವ ದೊಡ್ಡ ಗಿಳಿ ಸಾಕುವವರು ಅರ್ಜಿ ತುಂಬಿ ನೋಂದಣಿ ಮಾಡಿಸಿದರೆ ಸಾಕು. ಹೊರಗಿನವನಿಗೆ ಆಧಾರ್ ಕಾರ್ಡು, ಮನೆಮಗನಿಗೆ ಕೇಸು ಅಂತ ನಗಬಹುದು.

ನಗು ಬರುವುದಿಲ್ಲ. ಈ ಕಾಯ್ದೆ ಸರಿಯಾಗೇ ಇದೆ. ಪೊಟರೆಗೆ ಕೈ ಹಾಕಿ ಕಣ್ಣು ಬಿಡದ ಮರಿ ಎಳೆಯುತ್ತಾರೆ. ರೆಕ್ಕೆ ಕತ್ತರಿಸುತ್ತಾರೆ. ಅದೇ ಹಕ್ಕಿ ಗಿಣಿಶಾಸ್ತ್ರದವರ ಮುಂದೆ ಕುಳಿತು ನಮ್ಮ ಭವಿಷ್ಯದ ಕಾರ್ಡು ಎತ್ತಬೇಕು. ಕಾಯ್ದೆ ಬಂದು ಐವತ್ತು ವರ್ಷ ದಾಟಿದರೂ "ಗಿಣಿ ತಾನೇ, ಹುಲಿಯಾ?" ಅನ್ನುತ್ತೇವೆ. ಹೇಳಿ ಹೇಳಿ ಸಾಕಾಗಿದೆ.

ಇದನ್ನೇ ಪಕ್ಕದ ಮನೆಯವರಿಗೂ ಹೇಳಿದೆ. ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ದನಿ ತಗ್ಗಿಸಿ, "ಹಸಿರುದು ಬೇಕಿದ್ರೆ ಕತ್ತಲಾದ ಮೇಲೆ ಬನ್ನಿ ಅಂದಿದ್ದಾನೆ ಸಾರ್. ನಿಮಗೂ ಒಂದು ಹೇಳ್ಲಾ?" ಅಂದರು.