ವಯಸ್ಸು ಕೇಳುವುದನ್ನು ಬಿಟ್ಟು ಬ್ಯಾರೆಲ್ ಮೂಸಿ ನೋಡಿ

ಹದಿನೈದಿಪ್ಪತ್ತು ಜನ ಸ್ನೇಹಿತರು ಸೇರಿ ಕೆಂಟಕಿ ರಾಜ್ಯದ ಡಿಸ್ಟಿಲರಿಯಿಂದ ಬರ್ಬನ್ ಎಂಬ ಅಮೆರಿಕನ್ ವಿಸ್ಕಿಯ ಒಂದಿಡೀ ಬ್ಯಾರೆಲ್ ಆರಿಸಿ, ಅದರ ಬಾಟಲಿಗಳನ್ನು ಹಂಚಿಕೊಳ್ಳುವುದು ಅಮೆರಿಕದಲ್ಲಿ ಚಾಲ್ತಿಯಲ್ಲಿರುವ ಪದ್ಧತಿ. ಅಲ್ಲಿರುವ ನಮ್ಮ ಕನ್ನಡದ ಬಳಗಗಳೂ ಇದಕ್ಕೆ ಕೈ ಹಾಕುತ್ತವೆ. ಆದರೆ ಮಾತು ಶುರುವಾಗುತ್ತಿದ್ದಂತೆ ನಮ್ಮವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ವರ್ಷದ್ದು?", ಅಂದರೆ ಬ್ಯಾರೆಲ್‌ನಲ್ಲಿ ಎಷ್ಟು ವರ್ಷ ಕೂತದ್ದು ಎಂದು. ಎರಡನೆಯದು, "ಬಾಟಲಿಗೆ ಎಷ್ಟು ಬೀಳುತ್ತೆ?" ಈ ಎರಡೇ ಅಳತೆಗೋಲು ಹಿಡಿದು ಹೊರಟವರು ಒಳ್ಳೆಯ ಬ್ಯಾರೆಲ್ ಆರಿಸುವುದು ಕಷ್ಟ. ಬೆಂಗಳೂರು ಕಂಡವರು ವಯಸ್ಸಿಗೆ ಇಷ್ಟು ಮರುಳಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಅಭ್ಯಾಸ ಎಲ್ಲಿಂದ ಬಂತು ಎಂಬುದು ಸ್ಪಷ್ಟ. ಊರಿನಲ್ಲಿ ವೈನ್ ಶಾಪಿನ ಕಂಬಿಯಾಚೆಯಿಂದ ಬಾಟಲಿ ಕೈಗೆ ಬರುತ್ತದೆ, ಬೆಲೆ ಲೇಬಲ್ ಮೇಲೆ ಅಚ್ಚಾಗಿರುತ್ತದೆ, ರುಚಿ ನೋಡಿ ಕೊಳ್ಳುವ ಮಾತೇ ಇಲ್ಲ. 2003ರಿಂದ ಕರ್ನಾಟಕದಲ್ಲಿ ಸಗಟು ವ್ಯಾಪಾರವೆಲ್ಲ ಸರ್ಕಾರದ ಪಾನೀಯ ನಿಗಮವಾದ ಕೆಎಸ್‌ಬಿಸಿಎಲ್ ಕೈಯಲ್ಲಿದೆ. ಕಾರ್ಖಾನೆಯಿಂದ ಹೊರಟ ಪೆಟ್ಟಿಗೆ ಅದರ ಡಿಪೋ ದಾಟಿಯೇ ಅಂಗಡಿಗೆ ಬರಬೇಕು. ಹಾಗಾಗಿ ಕೊಳ್ಳುವವನಿಗೆ ಉಳಿಯುವ ಆಧಾರ ಬ್ರ್ಯಾಂಡು, ಬೆಲೆ, ಸ್ಕಾಚ್ ಆದರೆ ವಯಸ್ಸು. ವಿದೇಶದಿಂದ ಬರುವವರ ಕೈಯಲ್ಲಿ ತರಿಸುವ ಡ್ಯೂಟಿ ಫ್ರೀ ಬಾಟಲಿಗೂ ಇದೇ ಲೆಕ್ಕ. ಹನ್ನೆರಡಕ್ಕಿಂತ ಹದಿನೆಂಟು ಮೇಲು, ಹದಿನೆಂಟಕ್ಕಿಂತ ಇಪ್ಪತ್ತೊಂದು ಮೇಲು.

ಈ ಲೆಕ್ಕ ಸ್ಕಾಟ್ಲೆಂಡಿನ ತಂಪಿಗೆ ಹುಟ್ಟಿದ್ದು. ಅಲ್ಲಿ ಬ್ಯಾರೆಲ್‌ನಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುತ್ತದೆ. ಕೆಂಟಕಿಯಲ್ಲಿ ಸುಮಾರು ಶೇ. 4. ಬೆಂಗಳೂರಿನಲ್ಲಿ ಶೇ. 10ರಿಂದ 12. ಮೂರೂ ಕಡೆ 200 ಲೀಟರ್ ತುಂಬಿ ಎಂಟು ವರ್ಷ ಇಟ್ಟರೆ, ಈ ಲೆಕ್ಕದ ಪ್ರಕಾರ ಸ್ಕಾಟ್ಲೆಂಡಿನಲ್ಲಿ 170 ಲೀಟರ್ ಉಳಿಯುತ್ತದೆ, ಕೆಂಟಕಿಯಲ್ಲಿ 144, ಬೆಂಗಳೂರಿನಲ್ಲಿ 72ರಿಂದ 86. ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾಗುವ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾಗಿ ಹೆಸರು ಮಾಡಿದ್ದು ನಾಲ್ಕೈದು ವರ್ಷದ ಆಸುಪಾಸಿನ ವಿಸ್ಕಿಯಿಂದಲೇ. ಬಿಸಿಲಿನ ನಾಡಿನಲ್ಲಿ ಮರ ಬೇಗ ಕೆಲಸ ಮಾಡುತ್ತದೆ, ಬೇಗ ಅತಿಯೂ ಆಗುತ್ತದೆ.

ಕೆಂಟಕಿಯದು ಇದರ ನಡುವಿನ ದಾರಿ, ಆದರೆ ಅಲ್ಲಿ ಮರದ ಬಲ ಇನ್ನೂ ಜಾಸ್ತಿ. ಬರ್ಬನ್ ಅನ್ನಿಸಿಕೊಳ್ಳಬೇಕಾದರೆ ಧಾನ್ಯದಲ್ಲಿ ಕನಿಷ್ಠ ಶೇ. 51 ಮುಸುಕಿನ ಜೋಳ ಇರಬೇಕು, ಒಳಗೆ ಸುಟ್ಟು ಕರಿ ಮಾಡಿದ ಹೊಚ್ಚ ಹೊಸ ಓಕ್ ಬ್ಯಾರೆಲ್‌ನಲ್ಲೇ ಇಡಬೇಕು, ತುಂಬುವಾಗ ಮದ್ಯಸಾರ ಶೇ. 62.5 ಮೀರಬಾರದು. ಹೊಸ ಮರ ಎಂಬುದೇ ಇಲ್ಲಿನ ಜೀವಾಳ. ಒಮ್ಮೆ ಬರ್ಬನ್ ಖಾಲಿಯಾದ ಬ್ಯಾರೆಲನ್ನು ಮತ್ತೆ ಬರ್ಬನ್‌ಗೆ ಬಳಸುವಂತಿಲ್ಲ. ಅವು ಸ್ಕಾಟ್ಲೆಂಡಿಗೆ ಹೋಗುತ್ತವೆ, ಕಂಬೀಪುರಕ್ಕೂ ಬರುತ್ತವೆ. ಬೇಸಿಗೆಯ ಕಾವಿಗೆ ಮದ್ಯ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗೆ ಕುಗ್ಗಿ ಹೊರಬರುತ್ತದೆ. ಹೊಸ ಮರದಲ್ಲಿ ಇದು ಆರರಿಂದ ಹತ್ತು ವರ್ಷ ನಡೆದರೆ ಸಾಮಾನ್ಯವಾಗಿ ಸಾಕು. ಬಿಸಿ ಜಾಗದಲ್ಲಿ ಹದಿನೈದು ವರ್ಷ ಕೂತ ಬರ್ಬನ್ ಎಷ್ಟೋ ಸಲ ಎಳೆ ಬಾಳೆಕಾಯಿ ಕಚ್ಚಿದಂತೆ ನಾಲಿಗೆಯನ್ನು ಒಗರಾಗಿಸಿ ಒಣಗಿಸುತ್ತದೆ.

ಹಾಗಾದರೆ ವಯಸ್ಸಿನ ಬದಲು ಕೇಳಬೇಕಾದದ್ದು ಏನು? ಬ್ಯಾರೆಲ್ ಗೋದಾಮಿನ ಯಾವ ಅಂತಸ್ತಿನಲ್ಲಿತ್ತು ಎಂದು. ಏಳೆಂಟು ಅಂತಸ್ತಿನ ಗೋದಾಮಿನ ಮೇಲ್ಭಾಗ ಬಿಸಿ, ಒಣ. ಅಲ್ಲಿ ಮದ್ಯಸಾರಕ್ಕಿಂತ ನೀರು ಬೇಗ ಹೋಗುವುದರಿಂದ ವರ್ಷ ಕಳೆದಂತೆ ಪ್ರೂಫ್, ಅಂದರೆ ಮದ್ಯಸಾರದ ಅಳತೆ, ಏರುತ್ತದೆ, ಮರದ ಗುಣ ಗಾಢವಾಗುತ್ತದೆ. ಕೆಳಗೆ ತಂಪು, ತೇವ. ಪ್ರೂಫ್ ಅಷ್ಟು ಏರುವುದಿಲ್ಲ, ಕೆಲವೊಮ್ಮೆ ಇಳಿಯುವುದೂ ಉಂಟು. ಒಂದೇ ದಿನ ತುಂಬಿದ ಎರಡು ಬ್ಯಾರೆಲ್, ಒಂದು ನೆಲದಲ್ಲಿ, ಒಂದು ಆರನೇ ಅಂತಸ್ತಿನಲ್ಲಿ, ಎಂಟು ವರ್ಷದ ನಂತರ ಒಂದೇ ಕಂಪನಿಯವು ಎಂದು ನಂಬಲಾಗದಷ್ಟು ಬೇರೆಯಾಗಿರಬಹುದು. ಫೋರ್ ರೋಸಸ್ ಎಂಬ ಕೆಂಟಕಿ ಡಿಸ್ಟಿಲರಿಯವರ ಗೋದಾಮುಗಳು ಒಂದೇ ಅಂತಸ್ತಿನವು, ಅಲ್ಲಿ ಈ ವ್ಯತ್ಯಾಸ ಕಡಿಮೆ. ಅದರ ಬದಲು ಧಾನ್ಯದ ಎರಡು ಮಿಶ್ರಣ, ಐದು ಬಗೆಯ ಯೀಸ್ಟ್, ಒಟ್ಟು ಹತ್ತು ಪಾಕ. ಒಂದು ಮಿಶ್ರಣದಲ್ಲಿ ರೈ ಧಾನ್ಯ ಶೇ. 20, ಇನ್ನೊಂದರಲ್ಲಿ ಶೇ. 35. ಖಾರದ ಗುಣ ಬೇಕೆನ್ನುವವರು ಎರಡನೆಯದನ್ನು ಕೇಳಬೇಕು. ಮೇಕರ್ಸ್ ಮಾರ್ಕ್‌ನವರ ದಾರಿಯೇ ಬೇರೆ. ಐದು ಬಗೆಯ ಮರದ ಪಟ್ಟಿಗಳಿಂದ ಒಟ್ಟು ಹತ್ತು ಪಟ್ಟಿಗಳನ್ನು ನಿಮಗೆ ಬೇಕಾದ ಅನುಪಾತದಲ್ಲಿ ಆರಿಸಿ ಬ್ಯಾರೆಲ್‌ಗೆ ಇಳಿಸಬಹುದು, 1001 ಜೋಡಣೆ ಸಾಧ್ಯ. ಅದು ಸೊಗಸಾದ ಕೆಲಸವೇ, ಆದರೆ ಇದ್ದ ಬ್ಯಾರೆಲನ್ನು ಆರಿಸುವುದಕ್ಕೂ ಹೊಸ ರುಚಿ ಕಟ್ಟುವುದಕ್ಕೂ ವ್ಯತ್ಯಾಸವಿದೆ. ನನ್ನ ಒಲವು ಮೊದಲನೆಯದಕ್ಕೆ.

ಪ್ರೂಫ್ ವಿಷಯದಲ್ಲಿ ನಮ್ಮವರು ಎಡವುವುದು ಸಹಜ. ಊರಿನ ಲೇಬಲ್ ಮೇಲೆ "75° ಪ್ರೂಫ್, 42.8%" ಎಂದಿರುತ್ತದೆ. ಅದು ಹಳೆಯ ಬ್ರಿಟಿಷ್ ಅಳತೆ. ಅಮೆರಿಕದಲ್ಲಿ ಶೇಕಡಾವಾರಿನ ಎರಡರಷ್ಟು ಪ್ರೂಫ್. ಇಲ್ಲಿನ 124 ಪ್ರೂಫ್ ಎಂದರೆ ಶೇ. 62, ಊರಿನ ವಿಸ್ಕಿಯ ಒಂದೂವರೆ ಪಟ್ಟು. 60 ಎಂಎಲ್‌ನ ದೊಡ್ಡ ಪೆಗ್ ಅಭ್ಯಾಸವಾದವರು ಇದನ್ನು ಅದೇ ಅಳತೆಯಲ್ಲಿ ಸುರಿದುಕೊಳ್ಳಬಾರದು.

ಇನ್ನು ಕಾನೂನು. ಸಾಮಾನ್ಯವಾಗಿ ಸ್ನೇಹಿತರ ಗುಂಪು ನೇರವಾಗಿ ಡಿಸ್ಟಿಲರಿಯಿಂದ ಬ್ಯಾರೆಲ್ ಕೊಳ್ಳುವಂತಿಲ್ಲ. 1933ರಲ್ಲಿ ಪಾನನಿಷೇಧ ಮುಗಿದ ಮೇಲೆ ಬಂದ ವ್ಯವಸ್ಥೆಯಲ್ಲಿ ತಯಾರಕ, ಸಗಟುಗಾರ, ಅಂಗಡಿ ಎಂಬ ಮೂರು ಮೆಟ್ಟಿಲು. ಹದಿನೇಳು ರಾಜ್ಯಗಳಲ್ಲಿ ಸಗಟು ವ್ಯಾಪಾರ ಸರ್ಕಾರದ್ದೇ. ಕೆಂಟಕಿಯಿಂದ ನದಿ ದಾಟಿದರೆ ಸಿಗುವ ಓಹಾಯೋ ಅಂಥದ್ದು, ನಮ್ಮ ಕೆಎಸ್‌ಬಿಸಿಎಲ್ ನೆನಪಿಗೆ ಬರುವಂಥದ್ದು. ಆದ್ದರಿಂದ ಬ್ಯಾರೆಲ್ ಕೊಳ್ಳುವುದು ಲೈಸೆನ್ಸ್ ಇರುವ ಅಂಗಡಿ. ಗುಂಪಿನವರು ಆರಿಸುತ್ತಾರೆ, ಬಾಟಲಿ ಬಂದಾಗ ಅಂಗಡಿಯಿಂದ ಕೊಳ್ಳುತ್ತಾರೆ. ನಮ್ಮ ಚೀಟಿ ಪದ್ಧತಿಯಂತೆ ಒಬ್ಬರು ಎಲ್ಲರಿಂದ ದುಡ್ಡು ಸೇರಿಸಿ, ಬಾಟಲಿ ತಂದು ಮನೆಮನೆಗೆ ಹಂಚಿದರೆ ಅದು ಲೈಸೆನ್ಸ್ ಇಲ್ಲದ ಮಾರಾಟ ಎನಿಸಿಕೊಳ್ಳಬಹುದು. ಪ್ರತಿಯೊಬ್ಬರೂ ತಮ್ಮ ಪಾಲಿಗೆ ಅಂಗಡಿಯಲ್ಲಿ ತಾವೇ ದುಡ್ಡು ಕೊಟ್ಟು ರಸೀದಿ ಪಡೆಯುವುದು ಸರಿಯಾದ ಕ್ರಮ. ಮುಂಗಡ ತೆಗೆದುಕೊಳ್ಳಬಹುದೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅಂಗಡಿಯವರನ್ನೇ ಕೇಳಿ.

ಲೆಕ್ಕ ಮೊದಲೇ ಬಿಚ್ಚಿಡಬೇಕು. ಬ್ಯಾರೆಲ್ 53 ಗ್ಯಾಲನ್, ಅಂದರೆ ಸುಮಾರು 200 ಲೀಟರ್. ಎಂಟು ವರ್ಷಕ್ಕೆ 140 ಲೀಟರ್ ಕೈಗೆ ಸಿಕ್ಕಿತು ಎಂದುಕೊಂಡರೆ, ನೀರು ಬೆರೆಸದೆ 750 ಎಂಎಲ್‌ನ ಸುಮಾರು 185 ಬಾಟಲಿ. ಶೇ. 62ರಿಂದ ಶೇ. 50ಕ್ಕೆ ಇಳಿಸಿದರೆ ಅದೇ ಬ್ಯಾರೆಲ್ 230 ಬಾಟಲಿ ಕೊಡುತ್ತದೆ. ಮೇಲಂತಸ್ತಿನಲ್ಲಿ ಹನ್ನೆರಡು ವರ್ಷ ಕೂತದ್ದು, ಅಥವಾ ಸೋರಿದ್ದು, ನೂರನ್ನು ದಾಟುವುದೇ ಕಷ್ಟವಾಗಬಹುದು. ಬಾಟಲಿಗೆ 60 ಡಾಲರ್ ಹಿಡಿದರೂ 180 ಬಾಟಲಿಗೆ 10,800 ಡಾಲರ್ ಆಯಿತು. ಅಂಗಡಿ ಇಡೀ ಬ್ಯಾರೆಲ್‌ಗೆ ಹೊಣೆಯಾಗಿರುತ್ತದೆ, ಆರಿಸಿ ತಿಂಗಳುಗಟ್ಟಲೆ ಕಾದ ಮೇಲೆ ಸರಕು ಬರುತ್ತದೆ. ಅಷ್ಟರಲ್ಲಿ ನಾಲ್ಕು ಜನ ಹಿಂದೆ ಸರಿದರೆ ಕೆಡುವುದು ಅಂಗಡಿಯವರ ವಿಶ್ವಾಸ. ಬಾಟಲಿ ಎಣಿಕೆ ಮೊದಲೇ ಗೊತ್ತಾಗದ ಕಾರಣ ಪಾಲನ್ನು "ತಲಾ ಒಂಬತ್ತು ಬಾಟಲಿ" ಎಂದು ಬರೆಯಬಾರದು. "ಕನಿಷ್ಠ ಆರು, ಉಳಿದದ್ದು ಸಮಪಾಲು" ಎಂದು ಬರೆಯಿರಿ. ಲೆಕ್ಕ ಬರೆದಿಡುವುದರಲ್ಲಿ ನಮ್ಮವರು ಗಟ್ಟಿ, ಆ ಗುಣವನ್ನು ಇಲ್ಲಿ ಪೂರ್ತಿ ಬಳಸಬೇಕು.

ಇನ್ನು ಆರಿಸುವ ದಿನ. ಸಾಮಾನ್ಯವಾಗಿ ಮೂರೋ ನಾಲ್ಕೋ ಬ್ಯಾರೆಲ್ ಮುಂದಿಡುತ್ತಾರೆ. ಬೆಳಗ್ಗೆ ಹತ್ತು ಹನ್ನೊಂದರ ಸಮಯ ಕೇಳಿಕೊಳ್ಳಿ, ನಾಲಿಗೆ ಆಗ ಚುರುಕಾಗಿರುತ್ತದೆ. ತಿಂಡಿ ಹಗುರವಾಗಿರಲಿ, ಚಟ್ನಿಪುಡಿ, ಉಪ್ಪಿನಕಾಯಿ ಬೇಡ. ಫಿಲ್ಟರ್ ಕಾಫಿ ಮುಗಿಸಿ ಒಂದು ಗಂಟೆಯಾದರೂ ಆಗಿರಲಿ. ಅಡಿಕೆ, ಸೆಂಟು ಎರಡೂ ಬೇಡ. ಗಾಡಿ ಓಡಿಸುವವರು ಮೂಸಿ ನೋಡಲಿ, ಗುಟುಕು ಬೇಡ. ಉಳಿದವರೂ ಉಗುಳುವ ಲೋಟ ಇಟ್ಟುಕೊಳ್ಳಿ. ನುಂಗುತ್ತಾ ಹೋದವರಿಗೆ ನಾಲ್ಕನೆಯ ಬ್ಯಾರೆಲ್ ಯಾವತ್ತೂ ಚೆನ್ನಾಗಿಯೇ ಕಾಣುತ್ತದೆ.

ತಲಾ 10 ಎಂಎಲ್ ಸಾಕು. ಬಾಯಿ ಕಿರಿದಾದ ಗ್ಲಾಸು, ಕೆಳಗೆ ಬರೀ 1, 2, 3, 4 ಎಂಬ ಅಂಕಿ. ವಯಸ್ಸು, ಅಂತಸ್ತು, ಪ್ರೂಫ್ ಯಾವುದನ್ನೂ ಹೇಳಬಾರದೆಂದು ಮೊದಲೇ ಕೇಳಿಕೊಳ್ಳಿ. ಸಾಧ್ಯವಾದರೆ ಅದೇ ಕಂಪನಿಯ ಅಂಗಡಿಯಲ್ಲಿ ಸಿಗುವ ಮಾಮೂಲಿ ಬಾಟಲಿಯನ್ನೂ ಐದನೆಯ ಗ್ಲಾಸಾಗಿ ಗುಟ್ಟಾಗಿ ಸೇರಿಸಿ. ಯಾವ ಬ್ಯಾರೆಲ್ಲೂ ಅದನ್ನು ಮೀರಿಸದಿದ್ದರೆ ಕೈಮುಗಿದು "ಇವತ್ತು ಬೇಡ" ಎನ್ನುವ ಧೈರ್ಯ ಇರಬೇಕು. ನಮ್ಮಲ್ಲಿ ದಾಕ್ಷಿಣ್ಯ ಜಾಸ್ತಿ. ಇಷ್ಟು ದೂರ ಬಂದಿದ್ದೇವೆ, ಇಷ್ಟು ಆದರ ಮಾಡಿದ್ದಾರೆ ಎಂದು ಸಾಧಾರಣ ಬ್ಯಾರೆಲ್‌ಗೆ ಒಪ್ಪಿಬಿಡುತ್ತೇವೆ. ಡಿಸ್ಟಿಲರಿಯವರು ಇಲ್ಲವೆಂದವರನ್ನು ಕಂಡೇ ಇರುತ್ತಾರೆ, ಅದರಲ್ಲಿ ಅವಮಾನವೇನಿಲ್ಲ.

ಮೂಗನ್ನು ಗ್ಲಾಸಿನೊಳಗೆ ತೂರಿಸಬೇಡಿ, ಘಾಟು ಹೊಡೆದು ಮೂಗು ಸತ್ತುಹೋಗುತ್ತದೆ. ಅಂಚಿಗೆ ಹಿಡಿದು, ಬಾಯಿ ಸ್ವಲ್ಪ ತೆರೆದು ಉಸಿರೆಳೆಯಿರಿ. ಮೊದಲ ಗುಟುಕು ಬಾಯಿ ಒಗ್ಗಿಸಿಕೊಳ್ಳಲು, ಅದರ ಮೇಲೆ ತೀರ್ಪು ಬೇಡ. ಎರಡನೆಯದನ್ನು ನಾಲಿಗೆಯ ಮೇಲೆ ಹೊರಳಿಸಿ ನೋಡಿ. ಆಮೇಲೆ ನೀರು. ಶೇ. 62ರ 10 ಎಂಎಲ್‌ಗೆ ಸುಮಾರು 2.4 ಎಂಎಲ್ ನೀರು ಬೆರೆಸಿದರೆ ಶೇ. 50. ಇದು ತುಂಬಾ ಮುಖ್ಯ, ಏಕೆಂದರೆ ಕೆಲವರು ಬ್ಯಾರೆಲ್‌ನಿಂದ ನೇರ ರುಚಿ ತೋರಿಸಿ ಬಾಟಲಿಗೆ ನೀರು ಬೆರೆಸಿ ತುಂಬುತ್ತಾರೆ. ರಸೆಲ್ಸ್ ರಿಸರ್ವ್ ಸಿಂಗಲ್ ಬ್ಯಾರೆಲ್ 110 ಪ್ರೂಫ್‌ಗೆ ಬರುತ್ತದೆ, ನಾಬ್ ಕ್ರೀಕ್‌ನದು 120ಕ್ಕೆ. ಮನೆಗೆ ಬರುವುದು ಯಾವ ಪ್ರೂಫ್‌ನಲ್ಲೋ ಅದೇ ಪ್ರೂಫ್‌ಗೆ ಇಳಿಸಿ ಆರಿಸಿ. ಒಂದು ಸುತ್ತು ಮುಗಿದ ಮೇಲೆ ಕಾಲು ಗಂಟೆ ಬಿಟ್ಟು ಹಿಂದುಮುಂದಾಗಿ, ನಾಲ್ಕರಿಂದ ಒಂದಕ್ಕೆ ಬನ್ನಿ. ಮೊದಲು ಕುಡಿದದ್ದಕ್ಕೆ ಅನ್ಯಾಯವಾಗುವುದು ಹೀಗೆ ತಪ್ಪುತ್ತದೆ.

ಯಾರೂ ಬಾಯಿ ಬಿಡುವ ಮುಂಚೆ ಎಲ್ಲರೂ ಚೀಟಿಯಲ್ಲಿ ಬರೆಯಬೇಕು. ಇಲ್ಲದಿದ್ದರೆ ಗುಂಪಿನ ಹಿರಿಯರೋ ಜೋರು ದನಿಯವರೋ ಹೇಳಿದ್ದೇ ಕೊನೆಯಾಗುತ್ತದೆ. ಬರೆಯುವಾಗ ಇಂಗ್ಲಿಷ್ ಪತ್ರಿಕೆಗಳ ಚರ್ಮ, ತಂಬಾಕು, ಚೆರ್ರಿಗಳನ್ನು ಎರವಲು ತರಬೇಕಾಗಿಲ್ಲ. ನಮ್ಮ ಅಡುಗೆಮನೆಯ ಮಾತು ಇಲ್ಲಿ ಹೆಚ್ಚು ಖಚಿತ. ಬರ್ಬನ್‌ನಲ್ಲಿ ಲವಂಗದ ವಾಸನೆ ಬಂದರೆ ಅದು ಯೂಜಿನಾಲ್ ಎಂಬ ರಾಸಾಯನಿಕ, ಲವಂಗದಲ್ಲಿರುವುದೂ ಅದೇ. ಓಕ್ ಮರದ ಲ್ಯಾಕ್ಟೋನ್ ಕೊಡುವುದು ಕೊಬ್ಬರಿಯ ವಾಸನೆ. ಯೀಸ್ಟ್ ಹುಟ್ಟಿಸುವ ಎಸ್ಟರ್ ಒಂದರದ್ದು ಬಾಳೆಹಣ್ಣಿನ ವಾಸನೆ. ಜೋನಿಬೆಲ್ಲ, ಚಕ್ಕೆ, ಹುರಿದ ಕಡಲೆಕಾಯಿ ಎಂದು ಬರೆದರೆ ಹತ್ತು ಜನ ಕನ್ನಡಿಗರಿಗೂ ಒಂದೇ ಅರ್ಥ ಸಿಗುತ್ತದೆ.

ಬೇಡವೆನ್ನಬೇಕಾದ ಗುರುತುಗಳೂ ಇವೆ. ಉಗುರು ಬಣ್ಣ ಅಳಿಸುವ ದ್ರವದ ಘಾಟು, ಹಸಿ ಜೋಳದ ಹಿಟ್ಟಿನ ವಾಸನೆ ಬಂದರೆ ಇನ್ನೂ ಎಳಸು. ಒದ್ದೆ ರಟ್ಟಿನ ಮುಗ್ಗಲು ಬಂದರೆ ಮರದಲ್ಲೇ ದೋಷ, ಗಾಳಿಗಿಟ್ಟರೂ ಹೋಗುವುದಿಲ್ಲ. ನುಂಗಿದ ಮೇಲೆ ಕಹಿ ನಾಲಿಗೆಯ ಹಿಂಬದಿ ನಿಂತರೆ, ಬಾಯಿ ಒಣಗಿದರೆ, ಮರ ಮೀರಿದೆ. ಗ್ಲಾಸಿನ ತಳದ ಕರಿ ಚೂರುಗಳು ಮಾತ್ರ ನಿರುಪದ್ರವಿ, ಬ್ಯಾರೆಲ್‌ನ ಇದ್ದಿಲು ಅಷ್ಟೆ.

ಮತ ಎಣಿಸುವಾಗ ಸರಾಸರಿ ತೆಗೆಯಬೇಡಿ. ಯಾರಿಗೂ ಬೇಸರ ತರದ, ಯಾರಿಗೂ ಖುಷಿ ಕೊಡದ ಸಪ್ಪೆ ಬ್ಯಾರೆಲ್ ಸರಾಸರಿಯಲ್ಲಿ ಗೆಲ್ಲುತ್ತದೆ. "ಇದರ ಎರಡನೆಯ ಬಾಟಲಿಗೂ ದುಡ್ಡು ಕೊಡುವವರು ಯಾರು?" ಎಂದು ಕೇಳಿ ಕೈ ಎಣಿಸಿ. ಹನ್ನೆರಡರಲ್ಲಿ ಏಳು ಕೈ ಮನಸಾರೆ ಮೇಲೆದ್ದ ಬ್ಯಾರೆಲ್ಲೇ ನಿಮ್ಮದು. ಅದರ ನಂತರವೇ ವಯಸ್ಸು, ಅಂತಸ್ತು ಕೇಳಿ.

ಊರಿಗೆ ಒಯ್ಯುವವರಿಗೆ ಎರಡು ಮಾತು. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ಎರಡು ಲೀಟರ್, ಅಂದರೆ 750ರ ಎರಡು ಬಾಟಲಿ. ಶೇ. 70 ಮೀರಿದ ಮದ್ಯವನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಬ್ಯಾರೆಲ್ 140 ಪ್ರೂಫ್ ದಾಟಿದ್ದರೆ ಅದು ಅಮೆರಿಕದಲ್ಲೇ ಮುಗಿಯಬೇಕು. 2025ರ ಫೆಬ್ರವರಿಯಲ್ಲಿ ಭಾರತ ಬರ್ಬನ್ ಮೇಲಿನ ಸುಂಕವನ್ನು ಶೇ. 150ರಿಂದ 100ಕ್ಕೆ ಇಳಿಸಿದ್ದರೂ, ಅದರ ಮೇಲೆ ರಾಜ್ಯದ ಅಬಕಾರಿ ಸುಂಕವೂ ಸೇರುವುದರಿಂದ ಬೆಂಗಳೂರಿನ ಅಂಗಡಿಯಲ್ಲಿ ಬೆಲೆ ಇನ್ನೂ ದುಬಾರಿಯೇ.

ನನಗೆ ನಿಜಕ್ಕೂ ನೋವಾಗುವುದು ಒಂದು ವಿಷಯಕ್ಕೆ. ಅಮೃತ್‌ನ ಒಂದೊಂದೇ ಬ್ಯಾರೆಲ್‌ನ ಬಾಟಲಿಗಳು ಯುರೋಪಿನ ಅಂಗಡಿಗಳಿಗೆಂದೇ ತುಂಬಿ ಹೋಗಿವೆ. ಕೆಂಗೇರಿಯಲ್ಲೋ ರಾಜರಾಜೇಶ್ವರಿ ನಗರದಲ್ಲೋ ಇರುವ ಹನ್ನೆರಡು ಜನ ಸ್ನೇಹಿತರು ಹತ್ತಿಪ್ಪತ್ತು ಕಿಲೋಮೀಟರ್ ದೂರದ ಕಂಬೀಪುರಕ್ಕೆ ಹೋಗಿ, ಮೂರು ಬ್ಯಾರೆಲ್ ಮೂಸಿ, ಒಂದನ್ನು ತಮ್ಮ ಬಡಾವಣೆಯ ಅಂಗಡಿಯ ಮೂಲಕ ತರಿಸಿಕೊಳ್ಳುವ ದಾರಿ ಇರಬೇಕು. ಓಹಾಯೋದಲ್ಲಿ ಸಗಟು ಸರ್ಕಾರದ್ದೇ ಆದರೂ ಅಂಗಡಿಗಳು ಬ್ಯಾರೆಲ್ ಆರಿಸುತ್ತವೆ. ಕರ್ನಾಟಕದಲ್ಲೂ ಕೆಎಸ್‌ಬಿಸಿಎಲ್ ಬಿಲ್ಲಿನಲ್ಲಿ ಒಂದು ಬ್ಯಾರೆಲ್ ನಂಬರು ಬರೆಯಲು ಜಾಗ ಮಾಡಿದರೆ, ಸುಂಕದ ಒಂದು ರೂಪಾಯಿಯೂ ಖಜಾನೆಗೆ ಖೋತಾ ಆಗುವುದಿಲ್ಲ.