ಪುಣೆಯ ಮಣ್ಣಿನ ಕೋಟೆ, ದುರ್ಗದ ಕಲ್ಲಿನ ಕೋಟೆ ಮತ್ತು ಮೊಮ್ಮಕ್ಕಳ ರಜೆ

ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಮಹಾರಾಷ್ಟ್ರದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಅದು ಮೇ ಆರಂಭದಲ್ಲಿ ಸಿಕ್ಕಿ ಜೂನ್ ಮಧ್ಯದವರೆಗೂ ಇರುತ್ತದೆ. ಮಧ್ಯಂತರ ರಜೆಯೂ ಹೀಗೆಯೇ ಎಡವಟ್ಟು: ನಮ್ಮ ಕಡೆ ದಸರೆಗೆ ಬಿಟ್ಟರೆ ಅಲ್ಲಿ ದೀಪಾವಳಿಗೆ ಬಿಡುತ್ತಾರೆ. ಆದ್ದರಿಂದ ಪುಣೆಯಲ್ಲಿ ಬೆಳೆಯುತ್ತಿರುವ ನನ್ನ ಮಗನ ಮಕ್ಕಳಿಗೂ ಚಿತ್ರದುರ್ಗದಲ್ಲಿರುವ ನಮ್ಮ ಅಣ್ಣನ ಮೊಮ್ಮಕ್ಕಳಿಗೂ ಕೂಡಿ ಆಡಲು ಸಿಗುವುದು ಮೇ ತಿಂಗಳೊಂದೇ, ಅದರಲ್ಲಿಯೂ ಮದುವೆ, ಗೃಹಪ್ರವೇಶಗಳಿಗೆ ಹೋಗಿ ಬಂದು ಉಳಿಯುವಷ್ಟು ದಿನ ಮಾತ್ರ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ದುರ್ಗದ ಮಗ್ಗುಲಲ್ಲೇ ಹಾದುಹೋಗುತ್ತದೆ, ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಷ್ಟರಲ್ಲಿ ಊರು ಬರುತ್ತದೆ. ದಾರಿ ಇಷ್ಟು ಸಲೀಸಾಗಿರುವಾಗ ದಿನಗಳು ಹೊಂದದಿರುವುದು ಹೆಚ್ಚು ಬೇಸರ ತರಿಸುತ್ತದೆ.

ದಿನಗಳು ಕಡಿಮೆಯಾದುದರಿಂದಲೇ, ಸಿಕ್ಕ ರಜೆಯನ್ನು ಅಜ್ಜ ಅಜ್ಜಿಯರು ಮೊಮ್ಮಕ್ಕಳೊಂದಿಗೆ ಹೇಗೆ ಕಳೆಯುತ್ತಾರೆ ಎಂಬುದನ್ನು ಎರಡೂ ಕಡೆ ನಾನು ಗಮನಿಸುತ್ತಾ ಬಂದಿದ್ದೇನೆ. ದುರ್ಗದ ಹಿರಿಯರು ಮಕ್ಕಳ ತಲೆಗೆ ಎಣ್ಣೆ ಒತ್ತಿ, ನೀರೆರೆದು, ಹೊಟ್ಟೆ ಬಿರಿಯುವಂತೆ ಉಣ್ಣಲಿಕ್ಕಿ, "ಹೋಗ್ರಿ, ಆಡ್ಕೊಂಡು ಬರ್ರಿ" ಎಂದು ಬೀದಿಗೆ ಬಿಡುತ್ತಾರೆ. ಉಳಿದದ್ದನ್ನು ಅತ್ತೆ ಮಾವಂದಿರ ಮಕ್ಕಳು, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು, ಓಣಿಯ ಹುಡುಗರು ಸೇರಿ ನೋಡಿಕೊಳ್ಳುತ್ತಾರೆ ಎಂಬ ಭರವಸೆಯ ಮೇಲೆ ಈ ಪದ್ಧತಿ ನಿಂತಿದೆ. ಪುಣೆಯ ಅಜ್ಜ ಉಣ್ಣಿಸುವುದರಲ್ಲಿ ನಮ್ಮವರ ಸಮ ಬರುವುದಿಲ್ಲ, ಆದರೆ ಮೊಮ್ಮಗನ ಪಕ್ಕದಲ್ಲಿ ಕುಳಿತು ತಾನೂ ಏನಾದರೊಂದನ್ನು ಮಾಡುತ್ತಾನೆ. ಬೆಳಗ್ಗೆ ಅವನನ್ನು ಪರ್ವತಿ ಗುಡ್ಡ ಹತ್ತಿಸುತ್ತಾನೆ, ರವಿವಾರ ಸಿಂಹಗಡಕ್ಕೆ ಕರೆದೊಯ್ಯುತ್ತಾನೆ, ಮಧ್ಯಾಹ್ನ ಚದುರಂಗಕ್ಕೆ ಕೂರಿಸುತ್ತಾನೆ. ಮೊದಲಿನ ಪದ್ಧತಿಯಲ್ಲಿ ನಾನು ಬೆಳೆದೆ, ಎರಡನೆಯದರಲ್ಲಿ ಮುದುಕನಾದೆ. ಈಗಿನ ಕಾಲಕ್ಕೆ ಹೊಂದುವುದು ಎರಡನೆಯದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಒಳ್ಳೆಯ ಸಾಕ್ಷಿ ಪುಣೆಯ ದೀಪಾವಳಿ ರಜೆ. ಶಾಲೆಗೆ ರಜೆ ಬಿಟ್ಟ ಮರುದಿನವೇ ಅಲ್ಲಿನ ವಾಡೆಗಳ ಅಂಗಳದಲ್ಲಿ, ವಸತಿ ಸಂಕೀರ್ಣಗಳ ಮೂಲೆಗಳಲ್ಲಿ ಮಕ್ಕಳು ಮಣ್ಣಿನ ಕೋಟೆ ಕಟ್ಟಲು ತೊಡಗುತ್ತಾರೆ. ಒಡೆದ ಇಟ್ಟಿಗೆ, ಕಲ್ಲುಗಳನ್ನು ಗುಡ್ಡದಂತೆ ಪೇರಿಸಿ, ಮೇಲೆ ಗೋಣಿತಟ್ಟು ಹೊದಿಸಿ, ನೆನೆಸಿದ ಮಣ್ಣನ್ನು ಅಂಗೈಯಿಂದ ಬಳಿದು, ಇಳಿಜಾರಿನಲ್ಲಿ ಸಾಸಿವೆಯನ್ನೋ ರಾಗಿಯನ್ನೋ ಎರಚುತ್ತಾರೆ. ಹಬ್ಬದ ಹೊತ್ತಿಗೆ ಅದು ಮೊಳೆತು ಗುಡ್ಡ ಹಸಿರಾಗುತ್ತದೆ. ಕುಂಬಾರರು ಮಾರುವ ಮಾವಳ ಸೈನಿಕರ ಮಣ್ಣಿನ ಗೊಂಬೆಗಳು ಬುರುಜುಗಳ ಮೇಲೆ ನಿಲ್ಲುತ್ತವೆ, ಎಲ್ಲಕ್ಕಿಂತ ಎತ್ತರದಲ್ಲಿ ಶಿವಾಜಿ ಮಹಾರಾಜರು ಸಿಂಹಾಸನದಲ್ಲಿ ಕೂರುತ್ತಾರೆ. ಇದರಲ್ಲಿ ಅಜ್ಜನದು ಮೇಸ್ತ್ರಿಯ ಕೆಲಸವಲ್ಲ, ಕೂಲಿಯ ಕೆಲಸ. ನೀರು ಹೊತ್ತು ತರಬೇಕು, ಮಣ್ಣಿನ ಹರಳು ಆರಿಸಬೇಕು, ಗೋಡೆ ಜರಿದರೆ ಎಂಟು ವರ್ಷದ ಪೋರನಿಂದ ಬೈಸಿಕೊಳ್ಳಬೇಕು. ನನ್ನ ಮೊಮ್ಮಗ ಒಮ್ಮೆ ನಾನು ಕಲಸಿದ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿ, "ಬಹಳ ನೀರಾಗಿದೆ, ಇನ್ನೊಮ್ಮೆ ಕಲಸು" ಎಂದು ಬೋಗುಣಿಯನ್ನು ಹಿಂದಕ್ಕೆ ತಳ್ಳಿದ್ದ. ಮೊಮ್ಮಕ್ಕಳ ಕೈಕೆಳಗೆ ದುಡಿಯುವ ಇಂಥ ಅವಕಾಶ ನಮ್ಮ ಕಡೆಯ ಅಜ್ಜಂದಿರಿಗೆ ಬಹುತೇಕ ಸಿಗುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ರೂಢಿ ನಮ್ಮಲ್ಲಿ ಇತ್ತಾದರೂ, ಅದು ಬರುವ ಹೊತ್ತಿಗೆ ಶಾಲೆಗಳು ತೆರೆದಿರುತ್ತವೆ, ಎತ್ತುಗಳೂ ಪೇಟೆಯಿಂದ ಬಣ್ಣ ಹಚ್ಚಿಸಿಕೊಂಡೇ ಬರುತ್ತವೆ.

ಪುಣೆಯದೆಲ್ಲ ಚೆನ್ನವೆಂದು ಹೇಳುವಷ್ಟು ನಾನು ಮರುಳಾಗಿಲ್ಲ. ಕೋಟೆಗಳಿಗೆ ಸ್ಪರ್ಧೆ ಏರ್ಪಡಿಸಿದ ಕಡೆ ಅಪ್ಪಂದಿರೇ ಕರಣೆ ಹಿಡಿದು ಕೂರುತ್ತಾರೆ, ಮಕ್ಕಳು ದೂರ ನಿಂತು ನೋಡುತ್ತಾರೆ. ಬೇಸಿಗೆಯಲ್ಲಂತೂ ಈಜು, ಚಿತ್ರಕಲೆ, ಸಂಸ್ಕಾರ ಶಿಬಿರ ಎಂದು ಬೆಳಗಿನಿಂದ ಸಂಜೆಯವರೆಗೆ ವೇಳಾಪಟ್ಟಿ. ಅಜ್ಜನ ಪಾಲಿಗೆ ಉಳಿಯುವುದು ಸ್ಕೂಟರಿನಲ್ಲಿ ಕರೆದೊಯ್ದು ಕರೆತರುವ ಕೆಲಸ. ದುರ್ಗದಲ್ಲಿ ಮಕ್ಕಳ ಹೊತ್ತಿಗೆ ಯಾರೂ ಲೆಕ್ಕ ಇಡುವುದಿಲ್ಲ. ಪಕ್ಕದ ಮನೆಯ ಅಡುಗೆಮನೆಗೆ ನೇರವಾಗಿ ನುಗ್ಗಿ ಶೇಂಗಾ ಚಟ್ನಿ ನೆಕ್ಕಿ ಬರುವ ಸಲುಗೆ ನನ್ನ ಮೊಮ್ಮಕ್ಕಳಿಗೆ ಪುಣೆಯ ಯಾವ ಮನೆಯಲ್ಲೂ ಇಲ್ಲ, ಹಾಗೆ ನುಗ್ಗಿಯೇ ಅವರು ಒಂದಿಷ್ಟು ಕನ್ನಡ ಕಲಿತಿದ್ದಾರೆ.

ತೊಂದರೆ ಏನೆಂದರೆ, ಬೀದಿಗೆ ಬಿಟ್ಟರೆ ಸಾಕು ಎಂಬ ಪದ್ಧತಿಗೆ ಬೇಕಾದ ಹುಡುಗರ ಹಿಂಡು ಈಗ ದುರ್ಗದಲ್ಲಿಯೂ ಇಲ್ಲ. ಮನೆಗೊಂದೋ ಎರಡೋ ಮಕ್ಕಳು. ಅವರಲ್ಲಿ ಅರ್ಧ ಜನ ಬೆಂಗಳೂರಿನ ನೆಂಟರ ಮನೆಯಲ್ಲಿ, ಇನ್ನರ್ಧ ಮುಂದಿನ ತರಗತಿಯ ಟ್ಯೂಷನ್‌ನಲ್ಲಿ. ಹೊರಗೆ ಸುಡುವ ಬಿಸಿಲು, ಒಳಗೆ ಮೊಬೈಲು. ಹಿರಿಯರು ಮಾತ್ರ ಹಳೆಯ ಭರವಸೆಯಲ್ಲೇ ಇದ್ದಾರೆ: ಉಣ್ಣಿಸಿದರೆ ತಮ್ಮ ಕೆಲಸ ಮುಗಿಯಿತು, ಮಕ್ಕಳು ತಾವೇ ಆಡಿಕೊಳ್ಳುತ್ತಾರೆ ಎಂದು. ಆಡಿಕೊಳ್ಳುವವರು ಮಂಚದ ಮೇಲೆ ಸಾಲಾಗಿ ಮಲಗಿ ಒಂದೇ ಪರದೆಯನ್ನು ನೋಡುತ್ತಿರುತ್ತಾರೆ.

ಇಟ್ಟಿಗೆ, ಗೋಣಿತಟ್ಟು ಹುಡುಕಿ ಕೋಟೆ ಕಟ್ಟುವ ಮಕ್ಕಳನ್ನು ಏಳು ಸುತ್ತಿನ ಕಲ್ಲಿನ ಕೋಟೆಯ ಬುಡಕ್ಕೆ ಕರೆತಂದು ಮನೆಯೊಳಗೆ ಕೂರಿಸುವುದು ನನಗೆ ಸರಿಕಾಣಲಿಲ್ಲ. ಆದ್ದರಿಂದ ಮೇ ತಿಂಗಳ ಬೆಳಗುಗಳಲ್ಲಿ, ಬಂಡೆ ಕಾಯುವ ಮೊದಲು, ನಾವು ಕೋಟೆ ಹತ್ತುತ್ತೇವೆ. ಪ್ರವಾಸಿಗಳಂತೆ ಓಬವ್ವನ ಕಿಂಡಿಯಲ್ಲಿ ಫೋಟೊ ತೆಗೆಸಿಕೊಂಡು ಇಳಿಯುವುದಲ್ಲ. ಒಂದು ದಿನ ಬಾಗಿಲುಗಳನ್ನಷ್ಟೇ ನೋಡುವುದು: ಒಂದು ಬಾಗಿಲು ದಾಟಿದರೆ ಮುಂದಿನದು ನೇರಕ್ಕೆ ಸಿಗದೆ ದಾರಿ ಏಕೆ ತಿರುಗುತ್ತದೆ, ಆನೆ ಓಡಿ ಬಂದು ಗುದ್ದಲು ಏಕೆ ಜಾಗವಿಲ್ಲ ಎಂದು ಅವರೇ ಕಂಡುಕೊಳ್ಳಬೇಕು. ಇನ್ನೊಂದು ದಿನ ನೀರಿನ ದಾರಿ: ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಊರೊಳಗಿನ ಸಂತೆ ಹೊಂಡಕ್ಕೆ ನೀರು ಇಳಿಯುವ ಏರ್ಪಾಟನ್ನು ಕಾಲುನಡಿಗೆಯಲ್ಲೇ ಹಿಂಬಾಲಿಸುವುದು. ಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳ ಹತ್ತಿರ, ಬಂಡೆ ಸೀಳಲು ಉಳಿಯಿಂದ ಸಾಲಾಗಿ ಕೊರೆದ ಗುಳಿಗಳ ಹತ್ತಿರ, ಮಕ್ಕಳು ತಾವಾಗಿಯೇ ನಿಲ್ಲುತ್ತಾರೆ. ಮೊಮ್ಮಗ ಆ ಗುಳಿಗಳಲ್ಲಿ ಒಂದೊಂದಕ್ಕೂ ಬೆರಳು ತೂರಿಸಿ ಆಳ ಅಳೆದ. ಮುಂದಿನ ದೀಪಾವಳಿಗೆ ಪುಣೆಯ ನಮ್ಮ ಅಂಗಳದಲ್ಲಿ ಎದ್ದ ಮಣ್ಣಿನ ಕೋಟೆಯ ದಾರಿ ಹಾವಿನಂತೆ ತಿರುಗಿತ್ತು, ಹಿಂಬದಿಯಲ್ಲಿ ಒಂದು ಕಿಂಡಿ ಇತ್ತು. ಇದು ಮಹಾರಾಜರ ಯಾವ ಕೋಟೆ ಎಂದು ಕೇಳಿದ ನೆರೆಯ ಮಕ್ಕಳಿಗೆ ಅವನು ಮದಕರಿ ನಾಯಕನ ಹೆಸರು ಹೇಳಿದ್ದಲ್ಲದೆ, 1779 ರಲ್ಲಿ ಹೈದರಾಲಿ ಗೆಲ್ಲುವವರೆಗಿನ ಕತೆಯನ್ನು ಮರಾಠಿಯಲ್ಲಿ ನಾಲ್ಕು ಮಂದಿಗೆ ನಾಲ್ಕು ಸಲ ಹೇಳಿದ.

ಎರಡು ನಾಡುಗಳನ್ನು ಕೂಡಿಸುವ ಇನ್ನೊಂದು ಜಾಗವೂ ನಮ್ಮ ಸುತ್ತಿನಲ್ಲಿಯೇ ಇದೆ. ಶಿವಾಜಿಯ ತಂದೆ ಶಹಾಜಿ ಭೋಸಲೆ 1664 ರ ಜನವರಿಯಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡದ್ದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಅವರ ಸಮಾಧಿ ಅಲ್ಲಿದೆ. 1997 ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಆ ತಾಲ್ಲೂಕು ಅತ್ತ ಸೇರಿದೆ. ಕೋಟೆಯ ತುದಿಯಲ್ಲಿ ಪ್ರತಿವರ್ಷ ಶಿವಾಜಿಯನ್ನು ಕೂರಿಸುವ ಮಕ್ಕಳಿಗೆ ಅವನ ಅಪ್ಪ ತಮ್ಮ ಅಜ್ಜನ ಊರಿನ ಸೀಮೆಯಲ್ಲಿ ಮಲಗಿದ್ದಾನೆ ಎಂಬುದು ಯಾವ ಶಿಬಿರದಲ್ಲಿಯೂ ಸಿಗುವ ಪಾಠವಲ್ಲ. ಹಾದಿಯಲ್ಲಿ ಸೂಳೆಕೆರೆಯನ್ನೂ ನೋಡಿ ಬಂದರೆ ಆ ದಿನ ಮೊಬೈಲಿನ ನೆನಪಾಗುವುದಿಲ್ಲ.

ಇಷ್ಟೆಲ್ಲ ಹೇಳಿದರೂ ನಮ್ಮ ಪದ್ಧತಿಯಲ್ಲಿ ಬದಲಾಗಲೇಬೇಕಾದ ಅಂಶ ಅಜ್ಜಿಯದು. ಪುಣೆಯ ಅಜ್ಜಿಯರಲ್ಲಿ ಅನೇಕರು ಮೊಮ್ಮಕ್ಕಳೊಡನೆ ಗುಡ್ಡ ಹತ್ತುತ್ತಾರೆ, ಅಂಗಳದಲ್ಲಿ ಮಣ್ಣು ಕಲಸುತ್ತಾರೆ. ದುರ್ಗದ ನಮ್ಮ ಅತ್ತಿಗೆ ಮದುವೆಯಾಗಿ ಬಂದ ಹೊಸದರಲ್ಲಿ ಕೋಟೆ ನೋಡಿದ್ದರಂತೆ, ಆಮೇಲೆ ಬೇಸಿಗೆ ಎಂದರೆ ಅವರಿಗೆ ರೊಟ್ಟಿಯ ಹಂಚು. ಮಕ್ಕಳು ಎಷ್ಟು ಹೆಚ್ಚು ದಿನ ಉಳಿದರೆ ಅಷ್ಟು ಹೆಚ್ಚು ಹೊತ್ತು ಅವರು ಒಲೆಯ ಮುಂದೆ. ರಜೆಯೆಲ್ಲ ಮುಗಿದ ಮೇಲೆ ಮೊಮ್ಮಕ್ಕಳಿಗೆ ಅಜ್ಜಿಯ ಕೈರುಚಿ ಗೊತ್ತಿರುತ್ತದೆ, ಅಜ್ಜಿ ಗೊತ್ತಿರುವುದಿಲ್ಲ. ಒಮ್ಮೆ ಹುಡುಗರೇ ಹಟ ಹಿಡಿದು ಅವರನ್ನು ಹಿಡಿಂಬೇಶ್ವರನ ಗುಡಿಯವರೆಗೆ ಹತ್ತಿಸಿದರು; ಮೆಟ್ಟಿಲುಗಳಲ್ಲಿ ಕೂತು ಕೂತು ಹೋಗುವಾಗ, ಯಾವ ಪುಸ್ತಕದಲ್ಲಿಯೂ ಓದಿರದ ಊರಿನ ಸಂಗತಿಗಳು ಅವರ ಬಾಯಿಂದ ಬಂದವು, ಮಕ್ಕಳು ನನ್ನ ವಿವರಣೆಗಳನ್ನು ಬಿಟ್ಟು ಅವರ ಹಿಂದೆ ನಡೆದರು. ಅಂದು ಬೆಳಗ್ಗೆ ಮನೆಯಲ್ಲಿ ಆಗಿದ್ದದ್ದು ಮಂಡಕ್ಕಿ ಒಗ್ಗರಣೆ ಮಾತ್ರ. ಅದಕ್ಕೆ ಮಂಡಕ್ಕಿ ನೆನೆಸಿ ಹಿಂಡಿದವಳು ದೊಡ್ಡ ಮೊಮ್ಮಗಳು. ಹೀಗೆ ವಾರಕ್ಕೆರಡು ದಿನವಾದರೂ ಒಲೆ ಆರಿರಲಿ, ರೊಟ್ಟಿಯನ್ನು ಖಾನಾವಳಿಯಿಂದ ತರಿಸೋಣ, ಖರ್ಚು ನನ್ನದಿರಲಿ ಎಂದು ಅಣ್ಣನಿಗೆ ಹೇಳಿದ್ದೇನೆ. ಅತ್ತಿಗೆ ಒಪ್ಪಿದ್ದಾರೆ, ಅಣ್ಣ ಇನ್ನೂ ಒಪ್ಪಿಲ್ಲ.