ಸಾಮರ್ಥ್ಯ ಬಂತು, ಬಾಡಿಗೆ ಬರಲಿಲ್ಲ

ಕಲಬುರಗಿಯಲ್ಲಿ ಸಣ್ಣ ಸಂಘ-ಸಂಸ್ಥೆಗಳಿಗೆ ಮತ್ತೊಂದು ‘ಸಾಮರ್ಥ್ಯ ಬಲವರ್ಧನಾ ಕಾರ್ಯಾಗಾರ’ ಮುಗಿಯಿತು. ಫೋಟೊ ನೀವೂ ನೋಡಿರುತ್ತೀರಿ. ಐದು ಜನ ಸೇರಿ ಒಂದು ದೀಪ ಹಚ್ಚುತ್ತಿದ್ದಾರೆ. ಮೇಣದಬತ್ತಿ ಒಬ್ಬರ ಕೈಯಲ್ಲಿ, ಉಳಿದ ನಾಲ್ವರು ಆ ಕೈ ಮುಟ್ಟಿಕೊಂಡು ಕ್ಯಾಮೆರಾ ನೋಡುತ್ತಿದ್ದಾರೆ. ಸಹಭಾಗಿತ್ವ ಅಂದರೆ ಇದೇ ಇರಬೇಕು.

ಚಿಂಚೋಳಿ ಕಡೆಯ ನಮ್ಮ ಪರಿಚಯದ ಅಕ್ಕ ಒಬ್ಬಳು ಹೋಗಿದ್ದಳು. ಅಪ್ಪ-ಅವ್ವ ಪುಣೆ, ಮುಂಬೈಗೆ ಗುಳೆ ಹೋದಾಗ ತಾಂಡಾದಲ್ಲಿ ಅಜ್ಜಿಯ ಜೊತೆ ಉಳಿಯುವ ಮಕ್ಕಳಿಗೆ ಸಂಜೆ ಪಾಠ ಹೇಳುವ ಸಂಘ ಅವಳದು. ಆಸ್ತಿ ಎಂದರೆ ಒಂದು ಬಾಡಿಗೆ ಕೋಣೆ, ಬಾಗಿಲು ಹತ್ತದ ಒಂದು ಬೀರು, ಒಂದು ರಬ್ಬರ್ ಸ್ಟ್ಯಾಂಪು.

ಕನಸುಗಳನ್ನು ಹಳದಿ ಚೀಟಿಯಲ್ಲಿ, ಅಡೆತಡೆಗಳನ್ನು ಗುಲಾಬಿ ಚೀಟಿಯಲ್ಲಿ ಬರೆದು ಗೋಡೆಗೆ ಹಚ್ಚಬೇಕಿತ್ತು. ಅಕ್ಕ ಗುಲಾಬಿ ಚೀಟಿಯಲ್ಲಿ ‘ಮೂರು ತಿಂಗಳ ಬಾಡಿಗೆ’ ಅಂತ ಬರೆದಳು. ತರಬೇತಿ ಕೊಡಲು ಬಂದಿದ್ದ ಸಾಹೇಬರು ಓದಿ, ತಲೆ ಆಡಿಸಿ, ‘ಸಂಪನ್ಮೂಲ ಕ್ರೋಡೀಕರಣದ ಸವಾಲು’ ಎಂಬ ಶೀರ್ಷಿಕೆಯ ಕೆಳಗೆ ಅಂಟಿಸಿದರು. ಬಾಡಿಗೆಗೆ ಇಷ್ಟು ಮರ್ಯಾದೆ ಯಾವ ಮನೆ ಮಾಲೀಕನೂ ಕೊಟ್ಟಿರಲಿಕ್ಕಿಲ್ಲ. ಮಧ್ಯಾಹ್ನ ಸೆಕೆ ತಾಳಲಾರದೆ ಯಾರೋ ಫ್ಯಾನ್ ಐದಕ್ಕೆ ಇಟ್ಟರು. ಕನಸು, ಅಡೆತಡೆ ಎಲ್ಲ ಕೂಡಿ ಊಟದ ತಟ್ಟೆಗಳ ಮೇಲೆ ಬಿದ್ದವು.

ಊಟದ ನಂತರ ‘ಕೂಡಿ ಕೆಲಸ ಮಾಡುವುದು ಹೇಗೆ’ ಎಂಬ ಪಾಠ. ಕೂಡಿ ದುಡಿಯುವುದನ್ನು ತೊಗರಿ ಹೊಲದವರಿಗೆ ಪ್ರೊಜೆಕ್ಟರ್ ಹಚ್ಚಿ ಹೇಳಬೇಕಾಯಿತು ನೋಡಿ! ಇವತ್ತು ನಿನ್ನ ರಾಶಿಗೆ ನಾನು, ನಾಳೆ ನನ್ನ ರಾಶಿಗೆ ನೀನು ಎಂಬ ಮುಯ್ಯಾಳು ಪದ್ಧತಿಗೆ ನಮ್ಮಲ್ಲಿ ಯಾರೂ ಸರ್ಟಿಫಿಕೇಟ್ ಕೇಳಿರಲಿಲ್ಲ.

ಇರಲಿ, ಕೂಡೋಣ. ಆದರೆ ಕಾಯ್ದೆ ಬಿಡಬೇಕಲ್ಲ? 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಹೊರದೇಶದ ಹಣ ಪಡೆದ ದೊಡ್ಡ ಸಂಸ್ಥೆ ಅದರಲ್ಲಿ ಒಂದು ರೂಪಾಯಿಯನ್ನೂ ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ಆ ಹಣದಲ್ಲಿ ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಜೊತೆಗೆ, ಹಣ ಮೊದಲು ಬಂದು ಇಳಿಯಬೇಕಾದದ್ದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ. ತಾಂಡಾಕ್ಕೆ ಬರುವ ದುಡ್ಡು ಸಂಸತ್ತಿನ ಬೀದಿಯಲ್ಲಿ ಒಂದು ಪ್ರದಕ್ಷಿಣೆ ಹಾಕಿಯೇ ಬರಬೇಕು. ಎಂಥ ಭಾಗ್ಯ!

ಸ್ವದೇಶಿ ಹಣ ಇದೆಯಲ್ಲ, ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ? ಇದೆ. ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟು ಕೊಡಬೇಕು ಎಂಬ ನಿಯಮ 2014ರಿಂದ ಇದೆ. ಆಡಳಿತ ವೆಚ್ಚ ಶೇ. 5 ದಾಟಬಾರದು ಎಂಬ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ಖರ್ಚಿಗೆ. ಆದರೆ ಆ ಮಿತಿ ಇಳಿದು ಇಳಿದು ಚಿಂಚೋಳಿ ಮುಟ್ಟುವಷ್ಟರಲ್ಲಿ ಸಂಘದ ಕೊರಳಿಗೇ ಬಿದ್ದಿರುತ್ತದೆ. ನೋಟ್‌ಬುಕ್‌ಗೆ ದುಡ್ಡುಂಟು, ನೋಟ್‌ಬುಕ್ ಇಡುವ ಕೋಣೆಗೆ ಇಲ್ಲ. ಲೆಕ್ಕಪತ್ರ ಕೇಳುತ್ತಾರೆ, ಲೆಕ್ಕ ಬರೆಯುವ ಹುಡುಗನ ಪಗಾರ ಕೇಳಿದರೆ ಮುಖ ಸಿಂಡರಿಸುತ್ತಾರೆ.

ಇನ್ನು ದಾನಿಗಳ ಸಹಭಾಗಿತ್ವ. ಅಕ್ಕನಿಗೆ ಮೂರು ಕಡೆಯಿಂದ ಪುಡಿಗಾಸು ಬರುತ್ತದೆ. ಒಬ್ಬರಿಗೆ ತಿಂಗಳ ವರದಿ, ಇಂಗ್ಲಿಷಿನಲ್ಲಿ. ಇನ್ನೊಬ್ಬರಿಗೆ ಮೂರು ತಿಂಗಳಿಗೊಮ್ಮೆ, ಎಕ್ಸೆಲ್‌ನಲ್ಲಿ. ಮೂರನೆಯವರಿಗೆ ಆ್ಯಪ್‌ನಲ್ಲಿ ಮಕ್ಕಳ ಫೋಟೊ, ಜಾಗದ ಗುರುತಿನ ಸಮೇತ. ತಾಂಡಾದಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಮಾತ್ರ. ಮೂವರಿಗೂ ಬೇಕಾದ್ದು ಅದೇ ನಲವತ್ತು ಮಕ್ಕಳ ಲೆಕ್ಕ. ಈ ಮೂವರು ಒಂದು ಮೇಜಿನ ಸುತ್ತ ಕೂತು ಒಂದೇ ನಮೂನೆ ಮಾಡಲಾರರು, ನಮಗೆ ಒಗ್ಗಟ್ಟಿನ ಪಾಠ ಹೇಳುತ್ತಾರೆ. ನಗು ಬರುತ್ತಿಲ್ಲ ಸ್ವಾಮಿ. ಹಗಲು ಕೂಲಿಗೆ ಹೋಗಿ ಸಂಜೆ ಅಕ್ಷರ ಕಲಿಸುವ ಹೆಣ್ಣುಮಗಳಿಗೆ ನಿನಗೆ ಸಾಮರ್ಥ್ಯ ಸಾಲದು ಅನ್ನಲು ನಾಚಿಕೆಯಾಗಬೇಕು. ಅವಳಿಗೆ ಸಾಲದಿರುವುದು ದುಡ್ಡು. ಅದನ್ನು ಹೇಳಲು ಎರಡು ದಿನ, ಒಂದು ಹೋಟೆಲ್ ಹಾಲ್ ಬೇಕಿರಲಿಲ್ಲ.

ಕೊನೆಗೆ ಪ್ರಯಾಣ ಭತ್ಯೆ. ಮೂಲ ಟಿಕೆಟ್ ಕೊಟ್ಟವರಿಗೆ ಮಾತ್ರ.

“ಸರ್, ನಂದು ಶಕ್ತಿ ಟಿಕೆಟ್ ಅದ ರೀ.”

ನೋಡಿದರು. ಸೊನ್ನೆ ರೂಪಾಯಿ. ಹಾಗಾದರೆ ಭತ್ಯೆಯೂ ಸೊನ್ನೆ. ಬಸ್ ಸ್ಟ್ಯಾಂಡಿನಿಂದ ಹಾಲ್‌ತನಕ ಎರಡೂ ದಿನ ಆಟೋಕ್ಕೆ ಕೊಟ್ಟದ್ದು? ಅದಕ್ಕೆ ಬಿಲ್ ಇಲ್ಲ.

ಎರಡನೇ ಹಂತ ಮುಂದಿನ ತಿಂಗಳಂತೆ. ವಿಷಯ, ಸಂಸ್ಥೆಗಳ ಆರ್ಥಿಕ ಸ್ವಾವಲಂಬನೆ. ಬರುವಾಗ ಆಟೋದವನ ಸಹಿ, ಸೀಲು ತರಬೇಕಂತೆ.